ಕಾಲು ಉಳುಕಿದವನ ಪಾಠ



ನೆರೆಯವನಿಗೆ ಸಹಾಯಮಾಡಬೇಕೆಂಬ ಉಪದೇಶವನ್ನು ನೀವು ಅನೇಕ ಸಾರಿ ಕೇಳಿದ್ದೀರಿ. ನಾವೂ ಅದನ್ನು ಅನೇಕ ಸಾರಿ ಹೇಳಿದ್ದೇವೆ. ಆದರೆ ಪರರು ಮಾಡುವ ಸಹಾಯವನ್ನು ಯಾವ ಮನಸ್ಸಿನಿಂದ ಹೊಂದಬೇಕೆಂಬದನ್ನು ಕುರಿತು ಪಾಠ ಹೇಳುವವರು ಅಪರೂಪ. ನಾಲ್ವತ್ತು ವರುಷ ಪ್ರಾಯವಾಗುವ ವರೆಗೆ ಅದು ನಮಗೂ ತಿಳಿದಿರಲಿಲ್ಲ. ಹಂಪೆಯ ಬಂಡೆಗಳ ನಡುವೆ ನಮ್ಮ ಎಡಗಾಲು ಉಳುಕಿದ ದಿವಸ ಅದನ್ನು ಕಲಿತೆವು. ಆ ಸಂಗತಿಯನ್ನೂ ಅದರಿಂದ ಬಂದ ಬುದ್ಧಿಯನ್ನೂ ಈ ತಿಂಗಳ ಪಾಠವಾಗಿ ಬರೆಯುತ್ತೇವೆ.

ಹಂಪೆಯು ತುಂಗಭದ್ರಾ ನದಿಯ ದಕ್ಷಿಣ ದಡದಲ್ಲಿ, ಹೊಸಪೇಟೆಯಿಂದ ಸುಮಾರು 13 ಕಿಲೋಮೀಟರು ದೂರದಲ್ಲಿದೆ. ವಿಜಯನಗರದ ಅರಸರ ರಾಜಧಾನಿಯಾಗಿದ್ದ ಈ ಪಟ್ಟಣವು 1565ರ ಯುದ್ಧದ ತರುವಾಯ ಹಾಳಾಯಿತು. 1986ರಲ್ಲಿ ಯುನೆಸ್ಕೋ ಸಂಸ್ಥೆಯವರು ಇದನ್ನು ಲೋಕದ ಪರಂಪರೆಯ ಸ್ಥಳಗಳ ಪಟ್ಟಿಗೆ ಸೇರಿಸಿದರು. ಹೊಸಪೇಟೆಗೆ ಒಂದು ಮದುವೆಯ ನಿಮಿತ್ತ ಹೋಗಿದ್ದ ನಾವು, ಒಂದು ದಿವಸ ಬಿಡುವು ಸಿಕ್ಕಿದ್ದರಿಂದ, ನಮ್ಮ ಹಿರಿಯರ ಕೈಗೆಲಸವನ್ನು ಕಾಣಬೇಕೆಂದು ಒಬ್ಬರೇ ಹೊರಟೆವು.

ಹಂಪೆಯ ಬಜಾರಿನಿಂದ ವಿಠ್ಠಲ ದೇವಾಲಯಕ್ಕೆ ನದಿಯ ದಡದಲ್ಲಿಯೇ ಸುಮಾರು ಎರಡು ಕಿಲೋಮೀಟರಿನ ಕಾಲುದಾರಿ ಇದೆ. ಅಲ್ಲಿ ಬಂಡಿಯಾಗಲಿ ಮೋಟಾರಾಗಲಿ ಹೋಗಲಾರದು. ಆ ದಾರಿಯಲ್ಲಿ ಮುಕ್ಕಾಲು ಪಾಲು ನಡೆದಿದ್ದೆವು. ಬಂಡೆಯ ಮೇಲಿನ ಮೊರಮಿನಲ್ಲಿ ಚಪ್ಪಲಿ ಜಾರಿ, ಪಾದವು ಒಳಕ್ಕೆ ಮಡಿಚಿಕೊಂಡು, ಬಿದ್ದೆವು. ಏಳಲು ಪ್ರಯತ್ನಿಸಿದಾಗ ಕಣ್ಣಿಗೆ ಕತ್ತಲೆ ಕವಿಯಿತು. ನೋಡುತ್ತಿರುವಾಗಲೇ ಹರಡು ಊದಿಕೊಂಡಿತು.

ದಾರಿಯ ಮಗ್ಗುಲಲ್ಲಿ ಎಳನೀರು ಮಾರುತ್ತಿದ್ದ ಒಬ್ಬ ಹುಡುಗನು ಕತ್ತಿಯನ್ನು ಕೆಳಗಿಟ್ಟು ಓಡಿಬಂದು, “ಏಳಬೇಡಿರಿ ಯಜಮಾನರೇ, ಹಾಗೆಯೇ ಕೂಡ್ರಿರಿ” ಅಂದನು. ಆಗ ನಾವು ಆಡಿದ ಮಾತನ್ನು ಬರೆಯುವದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯತಕ್ಕದ್ದು. ಯಾತ್ರೆಯ ಸ್ಥಳದವರು ಎಲ್ಲದಕ್ಕೂ ಹಣ ಕೇಳುವರೆಂಬ ಎಣಿಕೆಯಿಂದ, “ನಿನಗೆ ಎಷ್ಟು ಕೊಡಬೇಕಪ್ಪಾ?” ಎಂದು ಕೇಳಿದೆವು. ಅವನು ನಮ್ಮ ಮುಖವನ್ನು ನೋಡಿ, “ಎಳನೀರಿಗಾದರೆ ಬೆಲೆ ಹೇಳುತ್ತೇನೆ, ಕಾಲಿಗೆ ಬೆಲೆ ಹೇಳುವದು ನನಗೆ ಗೊತ್ತಿಲ್ಲ” ಅಂದನು.

ಅಷ್ಟರಲ್ಲಿ ಅನಂತಪುರದ ಕಡೆಯಿಂದ ವಿರೂಪಾಕ್ಷನ ದರ್ಶನಕ್ಕೆ ಬಂದಿದ್ದ ಗಂಡಹೆಂಡಿರು ಅಲ್ಲಿಗೆ ಬಂದರು. ಅವರ ಮಾತು ತೆಲುಗು. ಆ ತಾಯಿಯು ಹೊಳೆಗೆ ಇಳಿದು ತನ್ನ ಹೊಸ ಟವಲನ್ನು ನೆನಸಿ ತಂದು ನಮ್ಮ ಹರಡಿಗೆ ಸುತ್ತಿದಳು. ನಮ್ಮ ಜಾತಿ ಯಾವದು, ಮತ ಯಾವದು ಎಂದು ಕೇಳಲಿಲ್ಲ. ಗಂಡನು ಮಾತ್ರ ಬಗ್ಗಿ, “ಎಲ್ಲಿ ಹಿಡಿದರೆ ನೋಯುವದಿಲ್ಲ?” ಎಂದು ಸನ್ನೆಯಿಂದ ಕೇಳಿದನು. ಆ ಪ್ರಶ್ನೆಯನ್ನು ನಾವು ಮರೆಯೆವು.

ತರುವಾಯ ಆ ಹುಡುಗನೂ ಆ ಗಂಡನೂ ತಮ್ಮ ನಾಲ್ಕು ಕೈಗಳಿಂದ ಒಂದು ಪೀಠವನ್ನು ಮಾಡಿದರು. ಇದನ್ನು ಪ್ರತಿ ಹಳ್ಳಿಯವರು ತಿಳಿದಿರುವದು ಒಳ್ಳೇದು. ಇಬ್ಬರು ಎದುರುಬದುರಾಗಿ ನಿಂತು, ಒಬ್ಬೊಬ್ಬನು ತನ್ನ ಬಲಗೈಯಿಂದ ತನ್ನ ಎಡ ಮಣಿಕಟ್ಟನ್ನು ಹಿಡಿದುಕೊಂಡು, ಎಡಗೈಯಿಂದ ಎದುರಿನವನ ಬಲ ಮಣಿಕಟ್ಟನ್ನು ಹಿಡಿಯಬೇಕು. ನೊಂದವನು ಅದರ ಮೇಲೆ ಕೂತು ಇಬ್ಬರ ಕೊರಳಿಗೂ ಕೈಹಾಕಬೇಕು. ಹೀಗೆ ನಮ್ಮನ್ನು ಹೊತ್ತು, ನಡುನಡುವೆ ಇಳಿಸಿ ದಣಿವಾರಿಸಿಕೊಂಡು, ವಿಠ್ಠಲ ದೇವಾಲಯದ ವರೆಗೆ ತಂದರು. ಹುಡುಗನು ಬರುವ ತನಕ ಅವನ ಎಳನೀರಿನ ರಾಶಿಯನ್ನು ಆ ತಾಯಿಯೇ ಕಾದುಕೊಂಡಿದ್ದಳು.

ಅಲ್ಲಿಂದ ಬ್ಯಾಟರಿಯ ಗಾಡಿಗಳು ಮೋಟಾರು ರಸ್ತೆಗೆ ಹೋಗುತ್ತವೆ. ಆದರೆ ಹುಡುಗನು, “ಇಷ್ಟು ದೂರ ಬಂದು ಕಲ್ಲಿನ ರಥ ನೋಡದೆ ಹೋಗುವಿರಾ?” ಎಂದು ನಮ್ಮನ್ನು ಅಂಗಳದೊಳಗೆ ತಂದು, ರಥದ ಎದುರಿಗೆ ಒಂದು ಕಟ್ಟೆಯ ಮೇಲೆ ಕೂಡ್ರಿಸಿ, ಕಾಲನ್ನು ನಮ್ಮ ಚೀಲದ ಮೇಲೆ ಎತ್ತಿಟ್ಟನು. ಹಣ ಕೊಡಹೋದಾಗ ತಲೆಯಲ್ಲಾಡಿಸಿದನು. ಆ ಗಂಡನು ಕೈಮುಗಿದು, ಹುಡುಗನ ಸಂಗಡ ಹೊರಟೇಹೋದನು. ಅವರ ಹೆಸರನ್ನು ಸಹ ನಾವು ಕೇಳಿರಲಿಲ್ಲ. ಟವಲು ನಮ್ಮ ಕಾಲಿನಲ್ಲಿಯೇ ಉಳಿಯಿತು.

ಅಲ್ಲಿ ಒಂದು ತಾಸು ಕೂತಿದ್ದೆವು. 50 ರೂಪಾಯಿಯ ಈಗಿನ ನೋಟಿನ ಹಿಂಬದಿಯಲ್ಲಿರುವ ಚಿತ್ರವು ಇದೇ ರಥದ್ದು. ಅನೇಕರು ಓಡಿಬಂದು, ಪಟ ತೆಗೆದುಕೊಂಡು, ಓಡಿಹೋದರು. ನಡೆಯಲಾರದ ನಮಗೆ ನೋಡುವದಲ್ಲದೆ ಬೇರೆ ಕೆಲಸವಿರಲಿಲ್ಲ. ಒಂದೇ ಬಂಡೆಯಲ್ಲಿ ಕೊರೆದದ್ದೆಂದು ಜನರು ಹೇಳುವ ಆ ರಥವು ನಿಜವಾಗಿ ಅನೇಕ ಕಲ್ಲುಗಳನ್ನು ಜೋಡಿಸಿ ಮಾಡಿದ್ದು. ಶಿಲ್ಪಿಗಳು ಸಂದುಗಳನ್ನು ಕೆತ್ತನೆಯಲ್ಲಿ ಜಾಣತನದಿಂದ ಮರೆಮಾಡಿದ್ದಾರೆ. ಮುಂದೆ ನಿಂತಿರುವ ಆನೆಗಳ ಹಿಂದೆ ಮೊದಲಿದ್ದ ಕುದುರೆಗಳ ಹಿಂಗಾಲುಗಳ ಮತ್ತು ಬಾಲಗಳ ಗುರುತುಗಳು ಉಳಿದಿವೆ. ಕಾಲು ನೆಟ್ಟಗಿದ್ದರೆ ಇವೊಂದನ್ನೂ ಕಾಣದೆ ಹೊರಟುಹೋಗುತ್ತಿದ್ದೆವು.

ಕಡೆಗೆ ಗಾಡಿ ನಡಿಸುವ ಒಬ್ಬ ಹೆಣ್ಣುಮಗಳು ಒಳಗೆ ಬಂದು ತೋಳು ಕೊಟ್ಟು ನಮ್ಮನ್ನು ಗಾಡಿಗೆ ಹತ್ತಿಸಿದಳು. ಎಳನೀರಿನ ಹುಡುಗನು ತಿರುಗಿ ಹೋಗುವಾಗ ಅವಳಿಗೆ ಹೇಳಿಹೋಗಿದ್ದನಂತೆ. ಆ ಸಾಯಂಕಾಲ ಹೊಸಪೇಟೆಯಲ್ಲಿ ವೈದ್ಯರು ಹರಡಿನ ಎರಡೂ ಕಡೆಯ ಎಲುಬುಗಳ ಹಿಂಬದಿಯನ್ನು ಒತ್ತಿ ನೋಡಿ, ನಾಲ್ಕು ಹೆಜ್ಜೆ ಇಡಲು ಹೇಳಿದರು. ಇಡಲಾರದೆ ಹೋದದ್ದರಿಂದ ಎಕ್ಸರೇ ತೆಗೆಸಿದರು. ಎಲುಬು ಮುರಿದಿರಲಿಲ್ಲ; ಕೀಲಿನ ಕಟ್ಟುಗಳು ಜಗ್ಗಿದ್ದವು.

ಪ್ರಿಯರೇ, ಇದರಿಂದ ಕಲಿಯತಕ್ಕ ಸಂಗತಿಗಳು ನಾಲ್ಕು.

ಮೊದಲನೆಯದು, ದೇಹದ ಕುರಿತಾದದ್ದು. ಕಾಲು ಉಳುಕಿದ ಕೂಡಲೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವದು, ಬಿಸಿ ಶಾಖ ಕೊಡುವದು, ಜಗ್ಗಿಸುವದು ನಮ್ಮ ಹಳ್ಳಿಗಳ ರೂಢಿ. ಮೊದಲಿನ ಎರಡು ಮೂರು ದಿವಸ ಇವುಗಳಿಂದ ಬಾವು ಹೆಚ್ಚುವದು. ಕಾಲಿಗೆ ವಿಶ್ರಾಂತಿ ಕೊಡಬೇಕು, ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಟ್ಟು ತೆಗೆಯಬೇಕು, ಪಟ್ಟಿ ಕಟ್ಟಬೇಕು, ಮಲಗಿರುವಾಗ ಕಾಲನ್ನು ಎದೆಗಿಂತ ಎತ್ತರದಲ್ಲಿಡಬೇಕು. ಬೆರಳುಗಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಪಟ್ಟಿಯನ್ನು ಸಡಿಲಿಸಬೇಕು. ಎಲುಬನ್ನು ಒತ್ತಿದಾಗ ನೋವಾದರೆ, ನಾಲ್ಕು ಹೆಜ್ಜೆ ಇಡಲಾರದಿದ್ದರೆ, ಅಥವಾ ಕಾಲು ಸೊಟ್ಟಗಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಎರಡನೆಯದು, ಸಹಾಯಮಾಡುವವನು ಮೊದಲು ಕೇಳಬೇಕು. ಗಾಬರಿಯಿಂದ ನೊಂದವನನ್ನು ತಟಕ್ಕನೆ ಎಳೆದು ನಿಲ್ಲಿಸುವದು ದಯೆಯಲ್ಲ. ಎಲ್ಲಿ ಹಿಡಿದರೆ ನೋಯುವದಿಲ್ಲವೆಂದು ಕೇಳಿದ ಆ ಮನುಷ್ಯನಿಗೆ ನಮ್ಮ ಭಾಷೆ ತಿಳಿಯದಿದ್ದರೂ ನಮ್ಮ ನೋವು ತಿಳಿಯಿತು.

ಮೂರನೆಯದು, ಭಯದಿಂದ ಸಹಾಯವನ್ನು ತಡೆಯಬಾರದು. ರಸ್ತೆಯಲ್ಲಿ ಮೋಟಾರು ಅಪಘಾತವಾಗಿ ಬಿದ್ದವನನ್ನು ಎತ್ತಿದರೆ ಕೋರ್ಟು ಕಚೇರಿಗೆ ಅಲೆಯಬೇಕಾದೀತೆಂದು ಅನೇಕರು ಹಿಂಜರಿಯುತ್ತಾರೆ. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ ಸೇರಿಸಲ್ಪಟ್ಟ 134ಎ ಎಂಬ ಕಲಮು, ಒಳ್ಳೇ ಮನಸ್ಸಿನಿಂದ ಇಂಥವನಿಗೆ ನೆರವಾದವರನ್ನು ಕಾಪಾಡುತ್ತದೆ. ಇದನ್ನು ನೆರೆಹೊರೆಯವರಿಗೂ ತಿಳಿಸಿರಿ.

ನಾಲ್ಕನೆಯದು, ಸಹಾಯ ಹೊಂದುವದಕ್ಕೂ ದೀನತ್ವ ಬೇಕು. ಒಳ್ಳೇ ಸಮಾರ್ಯದವನ ಸಾಮ್ಯವನ್ನು ಓದುವಾಗ ನಾವು ಯಾವಾಗಲೂ ಎಣ್ಣೆ ಹೊಯ್ದವನ ಸ್ಥಾನದಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳುತ್ತೇವೆ. ಆದರೆ ಅಲ್ಲಿ ಒಬ್ಬನು ದಾರಿಯಲ್ಲಿ ಬಿದ್ದಿದ್ದನು. ತನ್ನ ಜನರು ಬಳಕೆ ಮಾಡದ ಜನಾಂಗದವನ ಕೈಯಿಂದ ಅವನು ಗಾಯ ಕಟ್ಟಿಸಿಕೊಂಡನು, ಆ ಪರನ ಪಶುವಿನ ಮೇಲೆ ಹೋದನು, ಆ ಪರನ ಹಣದಿಂದ ಛತ್ರದಲ್ಲಿ ಉಳಿದನು. ನೆರೆಯವನು ಯಾರೆಂಬ ಪ್ರಶ್ನೆಗೆ ಉತ್ತರ ದೊರಕುವದು ಆ ಬಿದ್ದವನ ಕಡೆಯಿಂದ ನೋಡಿದಾಗಲೇ. ನಾವಾದರೋ ಬಿದ್ದಲ್ಲಿಯೇ ಬೆಲೆಯನ್ನು ವಿಚಾರಿಸಿದೆವು. ಯಾಕಂದರೆ ಹಣ ಕೊಟ್ಟರೆ ಋಣ ತೀರುವದು, ಋಣ ತೀರಿದರೆ ಅವನು ನಮಗೆ ಯಾರೂ ಅಲ್ಲ. ಅದು ಜಾಗ್ರತೆಯೆಂದು ನಾವು ಎಣಿಸಿದ್ದೆವು, ಅದು ಗರ್ವವಾಗಿತ್ತು.

ಆರು ವಾರಗಳಲ್ಲಿ ಕಾಲು ನೆಟ್ಟಗಾಯಿತು. ಟವಲನ್ನು ಒಗೆದು ಇಟ್ಟಿದ್ದೇವೆ. ಅದನ್ನು ತಿರುಗಿ ಕೊಡುವದಕ್ಕೆ ದಾರಿಯಿಲ್ಲ; ಆದಕಾರಣ ಮುಂದೆ ನಮ್ಮ ಎದುರಿಗೆ ಬೀಳುವವನಿಗೆ ಅದನ್ನು ಕಟ್ಟತಕ್ಕದ್ದೆಂದು ನಿಶ್ಚಯಿಸಿದ್ದೇವೆ.

ಕೂಡಿಬಂದಾಗ ಆಲೋಚಿಸತಕ್ಕ ಪ್ರಶ್ನೆಗಳು:

1. ನಮ್ಮ ಊರಿಗೆ ಬಂದ ಪರಸ್ಥಳದವನು ಕಾಲು ಮುರಿದುಕೊಂಡರೆ, ಅವನನ್ನು ಹೊರುವವರು ಯಾರು? ಆಸ್ಪತ್ರೆಗೆ ಒಯ್ಯುವ ಬಂಡಿ ಯಾರದು?

2. ನಾಲ್ಕು ಕೈಗಳ ಪೀಠವನ್ನು ನಮ್ಮ ಯೌವನಸ್ಥರು ಮಾಡಿ ತೋರಿಸಬಲ್ಲರೋ?

3. ಯಾರ ಕೈಯಿಂದ ಸಹಾಯ ಹೊಂದುವದಕ್ಕೆ ನಮ್ಮ ಮನಸ್ಸು ಒಪ್ಪದು? ಯಾಕೆ?