ಹಸಿರು ಎಣ್ಣೆ ಸೋರುತ್ತಿದೆ: ಪಂಪ್ ಬದಲಿಸಬೇಕೇ, ರಿಪೇರಿ ಸಾಕೇ?

ಪ್ರಶ್ನೆ: ನನ್ನ ಬಳಿ 1990ರ ದಶಕದ ಸಿಟ್ರೊಯೆನ್ ಕ್ಸಾಂಟಿಯಾ ಕಾರಿದೆ. ಬೆಳಿಗ್ಗೆ ನೋಡಿದರೆ ಎಂಜಿನ್ ಕೆಳಗೆ ನೆಲದ ಮೇಲೆ ಅಂಗೈಯಗಲ ಹಸಿರು ಎಣ್ಣೆ. ಸಸ್ಪೆನ್ಷನ್ನಿನ ಹೈಡ್ರಾಲಿಕ್ ಪಂಪ್ ಸೋರುತ್ತಿದೆ, ಬೇರೆ ಪಂಪನ್ನೇ ಹಾಕಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ರಿಪೇರಿ ಆಗುವುದಿಲ್ಲವೇ? ಅಷ್ಟಕ್ಕೂ ಸಸ್ಪೆನ್ಷನ್ನಿಗೆ ಪಂಪ್ ಏಕೆ ಬೇಕು?
– ಓದುಗರು, ಐಂಡ್‌ಹೋವನ್, ನೆದರ್ಲೆಂಡ್ಸ್

ಉತ್ತರ: ಬಹಳಷ್ಟು ಸಲ ರಿಪೇರಿಯೇ ಸಾಕು. ಎಷ್ಟೋ ಸಲ ಪಂಪಿನ ತಪ್ಪೇ ಇರುವುದಿಲ್ಲ, ಪಕ್ಕದ ರಬ್ಬರ್ ಪೈಪ್ ಸೋರುತ್ತಿರುತ್ತದೆ. ಆದರೆ ಯಾವುದೆಂದು ತಿಳಿಯುವವರೆಗೆ ಕಾರನ್ನು ರಸ್ತೆಗೆ ತರಬೇಡಿ. ನಿಮ್ಮ ಕಾರಿನಲ್ಲಿ ಸಸ್ಪೆನ್ಷನ್, ಸ್ಟೇರಿಂಗ್, ಬ್ರೇಕ್ ಮೂರಕ್ಕೂ ಒಂದೇ ಎಣ್ಣೆ.

ಮೊದಲು ಪಂಪ್ ಏಕೆ ಎಂಬುದನ್ನು ನೋಡೋಣ. ಮಾಮೂಲಿ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗ್ ಇರುವ ಕಡೆ ನಿಮ್ಮ ಕಾರಿನಲ್ಲಿ ಉಕ್ಕಿನ ಗೋಳವಿದೆ. ಗೋಳದ ನಡುವೆ ರಬ್ಬರ್ ಪೊರೆ. ಒಂದು ಬದಿಗೆ ಒತ್ತಡದಲ್ಲಿ ತುಂಬಿದ ಸಾರಜನಕ, ಇನ್ನೊಂದು ಬದಿಗೆ ಎಣ್ಣೆ. ಚಕ್ರ ಉಬ್ಬು ಹತ್ತಿದಾಗ ಎಣ್ಣೆ ಪೊರೆಯನ್ನು ಒತ್ತುತ್ತದೆ, ಅನಿಲ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತರೂ ಕಾರು ತಗ್ಗದೆ ನಿಲ್ಲಬೇಕಾದರೆ ಇನ್ನಷ್ಟು ಎಣ್ಣೆ ಒಳಗೆ ಬರಬೇಕು. ಅದನ್ನು ತಳ್ಳಿಕೊಡುವುದೇ ಪಂಪಿನ ಕೆಲಸ. ಎಂಜಿನ್ನಿನ ಬೆಲ್ಟ್ ಅದನ್ನು ತಿರುಗಿಸುತ್ತದೆ. ಒತ್ತಡ ಸುಮಾರು 170 ಬಾರ್ ಮುಟ್ಟಿದಾಗ ರೆಗ್ಯುಲೇಟರ್ ಪಂಪಿನ ಎಣ್ಣೆಯನ್ನು ಟ್ಯಾಂಕಿಗೆ ತಿರುಗಿಸುತ್ತದೆ, 145ರ ಆಸುಪಾಸಿಗೆ ಇಳಿದಾಗ ಮತ್ತೆ ವ್ಯವಸ್ಥೆಗೆ ಸೇರಿಸುತ್ತದೆ. ಬಾನೆಟ್ ತೆರೆದರೆ ಕೇಳುವ 'ಟಿಕ್' ಸದ್ದು ಅದೇ.

ಈ ಸಸ್ಪೆನ್ಷನ್ನನ್ನು ರೂಪಿಸಿದವರು ಪಾಲ್ ಮಾಜೆಸ್. ಎಂಜಿನಿಯರಿಂಗ್ ಪದವಿ ಇಲ್ಲದೆ ಸಿಟ್ರೊಯೆನ್ ಕಂಪನಿ ಸೇರಿದ ಫ್ರೆಂಚ್ ಯುವಕ ಅವರು. ಅವರ ವ್ಯವಸ್ಥೆ 1954ರಲ್ಲಿ ಟ್ರಾಕ್ಸಿಯೋಂ ಅವಾಂ ಕಾರಿನ ಹಿಂಚಕ್ರಗಳಿಗೆ ಬಂತು. ಮರುವರ್ಷ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಡಿಎಸ್ ಕಾರಿನ ನಾಲ್ಕೂ ಚಕ್ರಗಳಿಗೆ ಅದನ್ನು ಕೊಡಲಾಯಿತು. ನಿಮ್ಮ ಕ್ಸಾಂಟಿಯಾ ಅದೇ ವಂಶದ್ದು.

ಈಗ ಸೋರಿಕೆಗೆ ಬರೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗಬಾರದು. ಎಣ್ಣೆ ಬಿದ್ದ ಜಾಗ ಎಲ್ಲರಿಗೂ ಕಾಣುತ್ತದೆ, ನಮಗೆ ಬೇಕಾದದ್ದು ಅದು ಹುಟ್ಟಿದ ಜಾಗ. ಪಂಪಿನ ಸುತ್ತ ಡಿಗ್ರೀಸರ್ ಹಾಕಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ. ಕೆಳಗೆ ಹೊಸ ರಟ್ಟು ಹಾಸಿ. ಕಾರು ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ, ಆಮೇಲೆ ನಿಲ್ಲಿಸಿ ಟಾರ್ಚ್ ಹಿಡಿದು ನೋಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ಬಿಂದು ಯಾವುದೋ ಅದೇ ಮೂಲ.

ಟ್ಯಾಂಕಿನಿಂದ ಪಂಪಿಗೆ ಬರುವ ದಪ್ಪ ರಬ್ಬರ್ ಪೈಪನ್ನು ಮೊದಲು ಹಿಸುಕಿ ನೋಡಿ. ಹೊಸ ಪೈಪ್ ಬೆರಳಿಗೆ ಮೆತ್ತಗೆ ಬಗ್ಗುತ್ತದೆ. ವರ್ಷಗಟ್ಟಲೆ ಎಂಜಿನ್ ಬಿಸಿಯುಂಡದ್ದು ಕೊರಡಿನಂತೆ ಗಟ್ಟಿಯಾಗಿರುತ್ತದೆ, ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಕಾರು ನಿಂತಾಗ ಅಲ್ಲಿಂದ ಎಣ್ಣೆ ಜಿನುಗುತ್ತದೆ, ಓಡುವಾಗ ಅದೇ ಬಿರುಕು ಗಾಳಿ ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ನೊರೆ ಕಂಡರೆ, ಪಂಪ್ ಗೊರಗುಟ್ಟಿದರೆ ಈ ಪೈಪಿನ ಮೇಲೇ ಅನುಮಾನ ಇಡಿ. ಪೈಪ್, ಕ್ಲಿಪ್ ಬದಲಿಸಿದರೆ ಮುಗಿಯಿತು.

ಪುಲಿಯ ನೇರಕ್ಕೆ, ಮಡ್‌ಗಾರ್ಡಿನ ಒಳಗೋಡೆಯ ಮೇಲೆ ಎಣ್ಣೆ ಪಟ್ಟಿಯಂತೆ ಸಿಡಿದಿದ್ದರೆ ಪಂಪಿನ ದಂಡದ ಆಯಿಲ್ ಸೀಲ್ ಹೋಗಿದೆ. ಬೆಲ್ಟ್ ತೆಗೆದು ಪುಲಿಯನ್ನು ಮೇಲೆ ಕೆಳಗೆ ಅಲುಗಾಡಿಸಿ. ಅಲುಗಾಡದಿದ್ದರೆ, ಒತ್ತಡವೂ ಸರಿಯಾಗಿ ಬರುತ್ತಿದ್ದರೆ, ಸೀಲ್ ಮತ್ತು ಓ-ರಿಂಗ್ ಹಾಕಿದರೆ ಸಾಕು. ಆಟವಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಆಗ ಸೀಲ್ ಮಾತ್ರ ಹಾಕಿದರೆ ಸ್ವಲ್ಪ ದಿನಕ್ಕೇ ಮತ್ತೆ ಸೋರುತ್ತದೆ. ಬೇರಿಂಗಿಗೆ ಆಟ ಬಂದಿರುವಾಗ, ಅಥವಾ ಪಿಸ್ಟನ್ ಸವೆದು ಕಾರು ಮೇಲೇಳಲು ಬಹಳ ಹೊತ್ತು ಹಿಡಿಯುವಾಗ, ರೀಕಂಡೀಷನ್ ಮಾಡಿದ ಪಂಪ್ ತರುವುದೇ ಸರಿ. ಹಲವು ಕ್ಸಾಂಟಿಯಾಗಳಲ್ಲಿ ಆರು ಪಿಸ್ಟನ್ ಸ್ಟೇರಿಂಗಿಗೆ, ಎರಡು ಸಸ್ಪೆನ್ಷನ್ ಮತ್ತು ಬ್ರೇಕಿಗೆ ಇರುವ ಪಂಪ್ ಇರುತ್ತದೆ. ಆದ್ದರಿಂದ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿಯೇ ಕೊಳ್ಳಿ.

ಒತ್ತಡದ ಎಣ್ಣೆ ಹೊರಡುವ ಲೋಹದ ಪೈಪಿನ ನಟ್ಟಿನ ಬಳಿ ಒದ್ದೆಯಿದ್ದರೆ ಒಳಗಿನ ಪುಟ್ಟ ರಬ್ಬರ್ ಸೀಲ್ ಬದಲಿಸಿ. ನಟ್ಟನ್ನು ಇನ್ನಷ್ಟು ಬಿಗಿದರೆ ಸೋರಿಕೆ ನಿಲ್ಲುವುದಿಲ್ಲ, ನಟ್ಟಿನ ಥ್ರೆಡ್ ಹಾಳಾದೀತು. ಎಂಜಿನ್ ಓಡುತ್ತಿರುವಾಗ ಅಲ್ಲಿ ಬೆರಳಿಟ್ಟು ಸೋರಿಕೆ ಹುಡುಕಬೇಡಿ. ಆ ಒತ್ತಡದ ಸಣ್ಣ ಚಿಲುಮೆ ಚರ್ಮವನ್ನು ತೂರಿ ಒಳಹೋಗುತ್ತದೆ.

ಬಿಚ್ಚುವ ಮೊದಲು ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಜಾಕ್ ನಂಬಿ, ಸಸ್ಪೆನ್ಷನ್ ನಂಬಿ ಯಾರೂ ಈ ಕಾರಿನ ಕೆಳಗೆ ತೂರಬಾರದು, ಎಣ್ಣೆ ಹೋದ ಕ್ಷಣ ಅದು ನೆಲಕ್ಕೆ ಕುಸಿಯುತ್ತದೆ. ಎಂಜಿನ್ ಓಡುತ್ತಿರುವಾಗಲೇ ಎತ್ತರದ ಲಿವರನ್ನು ಪೂರ್ತಿ ಕೆಳಗಿನ ಸ್ಥಾನಕ್ಕೆ ತನ್ನಿ, ಇಳಿದ ಮೇಲೆ ಎಂಜಿನ್ ನಿಲ್ಲಿಸಿ, ರೆಗ್ಯುಲೇಟರಿನ ಬ್ಲೀಡ್ ಸ್ಕ್ರೂವನ್ನು ಒಂದು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ತೆಗೆದರೆ ಒಳಗಿನ ಸಣ್ಣ ಗುಂಡು ಉರುಳಿ ಕಳೆದುಹೋಗುತ್ತದೆ.

ಮರಳಿ ಜೋಡಿಸುವಾಗ ಪಂಪಿನ ಒಳಬರುವ ಪೈಪಿನಲ್ಲಿ ಎಣ್ಣೆ ತುಂಬಿಯೇ ಸಿಕ್ಕಿಸಿ, ಒಣ ಪಂಪ್ ತಾನಾಗಿ ಎಣ್ಣೆ ಎಳೆಯಲು ಪರದಾಡುತ್ತದೆ. ಬ್ಲೀಡ್ ಸ್ಕ್ರೂ ಸಡಿಲವಿರುವಾಗಲೇ ಎಂಜಿನ್ ಓಡಿಸಿ, ಗಾಳಿ ಹೋದ ಮೇಲೆ ಬಿಗಿಯಿರಿ. ಎಣ್ಣೆ ನೆನೆದ ಬೆಲ್ಟ್ ಇದ್ದರೆ ಅದನ್ನೂ ಬದಲಿಸಿ. ಎಣ್ಣೆಯ ಮಟ್ಟವನ್ನು ನೋಡುವುದು ಎಂಜಿನ್ ಓಡುತ್ತಿದ್ದು, ಕಾರು ಅತಿ ಎತ್ತರದಲ್ಲಿರುವಾಗ. ಹಾಕುವುದು ಹಸಿರು ಬಣ್ಣದ ಎಲ್‌ಎಚ್‌ಎಂ ಖನಿಜ ಎಣ್ಣೆಯನ್ನಷ್ಟೇ. ಮಾಮೂಲಿ ಡಾಟ್ 4 ಬ್ರೇಕ್ ಎಣ್ಣೆ ಹಾಕಿದರೆ ಇಡೀ ವ್ಯವಸ್ಥೆಯ ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ, ಆಗ ಪಂಪ್ ಒಂದೇ ಅಲ್ಲ, ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಕರ್ನಾಟಕದ ಓದುಗರಿಗೆ ಒಂದು ಮಾತು: 2021ರಲ್ಲಿ ಭಾರತಕ್ಕೆ ಬಂದ ಸಿಟ್ರೊಯೆನ್ ಸಿ5 ಏರ್‌ಕ್ರಾಸ್ ಕಾರಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಅದರಲ್ಲಿರುವುದು ಹೈಡ್ರಾಲಿಕ್ ಕುಶನ್ ಇರುವ ಶಾಕ್ ಅಬ್ಸಾರ್ಬರ್ ಮತ್ತು ಉಕ್ಕಿನ ಸ್ಪ್ರಿಂಗ್. ಸಸ್ಪೆನ್ಷನ್ ಪಂಪ್ ಇಲ್ಲ.

ನಿಮ್ಮ ಗ್ಯಾರೇಜಿನವರಿಗೆ ಒಂದೇ ಪ್ರಶ್ನೆ ಕೇಳಿ: ಎಣ್ಣೆ ಪೈಪಿನಿಂದಲೋ, ಸೀಲಿನಿಂದಲೋ, ಪಂಪಿನ ಮೈಯಿಂದಲೋ? ತೊಳೆದು, ತೋರಿಸಿ ಹೇಳಿದರೆ ಕೆಲಸ ಒಪ್ಪಿಸಿ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಸ್ಟಾಪ್ ದೀಪ ಹೊತ್ತಿದರೆ ಮಾತ್ರ ಯಾರನ್ನೂ ಕೇಳಬೇಡಿ, ಕಾರನ್ನು ಬದಿಗೆ ನಿಲ್ಲಿಸಿ. ಬ್ರೇಕಿಗೆ ಉಳಿದಿರುವುದು ಕೆಲವೇ ಸಲ ಒತ್ತುವಷ್ಟು ಎಣ್ಣೆ.