ಮುಚ್ಚಳಿಕೆ ಬರೆದುಕೊಟ್ಟ ಮೇಲೆ

ತಮ್ಮಾ, ಇಂಡಿಗೆ ಹೋಗಿ ಮುಚ್ಚಳಿಕೆ ಬರೆದುಕೊಟ್ಟು ಬಂದೆಯಂತೆ. ‘ಇನ್ನ ಮ್ಯಾಲ ಹೆಂಡ್ತಿ ಮೈಮ್ಯಾಲ ಕೈ ಮಾಡಂಗಿಲ್ಲ’ ಅಂತ ಸಹಿ ಹಾಕಿದೆ, ಎರಡೂ ಕಡೆಯ ಹಿರಿಯರು ಚಹಾ ಕುಡಿದು ಎದ್ದರು. ಒಳ್ಳೆಯದಾಯಿತು. ಆದರೆ ಅಲ್ಲಿಗೆ ಎಲ್ಲ ಮುಗಿಯಿತು ಅಂತ ತಿಳಿಯಬೇಡ. ಸಹಿಗೆ ಹೆದರಿ ಕೈ ನಾಲ್ಕು ದಿನ ಸುಮ್ಮನಿರುತ್ತದೆ. ಆ ಕೈ ಎತ್ತಿಸಿದ ಬುದ್ಧಿಯ ಕಡೆ ಇನ್ನೂ ಯಾರೂ ಹೊರಳಿ ನೋಡಿಲ್ಲ.

2024ರ ಏಪ್ರಿಲ್‌ನಲ್ಲಿ ನಮ್ಮ ಲಚ್ಯಾಣದ ಹೊಲದಲ್ಲಿ ಕೂಸು ಕೊಳವೆಬಾವಿಗೆ ಬಿದ್ದಾಗ ಊರಿಗೆ ಊರೇ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಅದನ್ನು ಜೀವಂತ ಎತ್ತಿದಾಗ ಗಂಡಸರೂ ಅತ್ತರು. ಅದೇ ಊರಿನಲ್ಲಿ ಗೋಡೆಯಾಚೆ ಹೆಣ್ಣುಮಗಳು ಚೀರಿದರೆ ‘ಗಂಡ ಹೆಂಡ್ತಿ ಜಗಳ ಉಂಡು ಮಲಗೂತನಕ’ ಎಂದು ಕದ ಮುಂದೆ ಮಾಡಿಕೊಳ್ಳುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44.4ರಷ್ಟು ಮಂದಿ ಗಂಡನ ಹಿಂಸೆ ಉಂಡಿದ್ದೇವೆ ಎಂದರು. ಆಗ ದೇಶದಲ್ಲೇ ನಮ್ಮದು ಮೊದಲ ಸ್ಥಾನವಾಗಿತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ ಶೇ 20.6 ಇತ್ತು. ಹೊಡೆತ ಹೆಚ್ಚಾಯಿತೋ, ಹೆಣ್ಣುಮಕ್ಕಳು ಬಾಯಿ ಬಿಟ್ಟರೋ, ಎರಡೂ ಇದ್ದೀತು.

ನೀನು ಹೇಳುವುದು ನನಗೆ ಗೊತ್ತಿದೆ: ‘ಕಾಕಾ, ಕುಡಿದಿದ್ದೆ.’ ಕುಡಿತ ಬೆಂಕಿಗೆ ತುಪ್ಪ ಸುರಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಸಮೀಕ್ಷೆ ನೋಡು, ದೇಶದಲ್ಲಿ ಕುಡಿಯದವರ ಹೆಂಡಂದಿರಲ್ಲೂ ಶೇ 23ರಷ್ಟು ಮಂದಿ ಹಿಂಸೆ ಉಂಡವರೇ. ಇನ್ನೊಂದು ಮಾತು. ಅವಳನ್ನು ಹೊಡೆದ ದಿನ ಸಂಜೆ ಮನೆಗೆ ಬರುವಾಗ ನೀನು ತೂರಾಡುತ್ತಿದ್ದೆ. ದಾರಿಯಲ್ಲಿ ಸಾಲ ಕೊಟ್ಟವರು ಎದುರಾದರು, ಟವೆಲ್ ಸರಿ ಮಾಡಿಕೊಂಡು ‘ಶರಣ್ರೀ’ ಎಂದೆ. ಅವರ ಮೇಲೆ ಕೈ ಮಾಡಬಾರದು ಎಂಬ ಎಚ್ಚರ ನಿನಗಿತ್ತು. ಮನೆಯ ಹೊಸ್ತಿಲು ದಾಟಿದ ಮೇಲೆಯೇ ‘ಎಚ್ಚರ ತಪ್ಪಿತು’. ಇದಕ್ಕೆ ಸೆರೆ ಕಾರಣವಲ್ಲ ತಮ್ಮಾ, ಅವಳನ್ನು ಹೊಡೆದರೆ ಕೇಳುವವರಿಲ್ಲ ಎಂಬ ಧೈರ್ಯ ಕಾರಣ.

ಕೇಳುವವರಿದ್ದಾರೆ ಅಂತ ಹೇಳುವುದಕ್ಕೇ 2005ರಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂತು. ಅದರ 14ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡನನ್ನು ಒಬ್ಬನನ್ನೇ ಸಮಾಲೋಚನೆಗೆ ಕಳಿಸಬಹುದು. ಮರುವರ್ಷ ಬಂದ ನಿಯಮಗಳಲ್ಲಿ ಒಂದು ಮಾತಿದೆ, ನನಗೆ ಇಡೀ ಕಾಯ್ದೆಯಲ್ಲಿ ಹಿಡಿಸಿದ್ದು ಅದೇ: ಸಮಾಲೋಚನೆಯಲ್ಲಿ ಹೊಡೆದವನು ತನ್ನ ಹೊಡೆತಕ್ಕೆ ಸಮರ್ಥನೆ ಹೇಳುವಂತಿಲ್ಲ, ಇದನ್ನು ಅವನಿಗೆ ಶುರುವಿನಲ್ಲೇ ತಿಳಿಸಬೇಕು. ‘ಎದುರು ಮಾತಾಡಿದ್ಲು’, ‘ನನ್ನ ತಾಯಿಗೆ ಅಂದ್ಲು’, ಇದಾವುದೂ ಅಲ್ಲಿ ನಡೆಯುವುದಿಲ್ಲ. ರಾಜಿಯ ಪ್ರಯತ್ನವೂ ಅವಳು ಬಯಸಿದರೆ ಮಾತ್ರ. ನಮ್ಮ ಕಟ್ಟೆಪಂಚಾಯ್ತಿಯಲ್ಲಿ ನಡೆಯುವುದು ತದ್ವಿರುದ್ಧ. ಗಂಡನ ಸಮರ್ಥನೆ ಒಂದು ತಾಸು, ಹೆಂಡತಿಗೆ ‘ಹೊಂದಿಕೊಂಡು ಹೋಗವ್ವಾ’ ಎಂಬ ಬುದ್ಧಿವಾದ ಇನ್ನೊಂದು ತಾಸು. ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ ಎನ್ನುವುದು ಆಗ ಯಾರಿಗೂ ನೆನಪಾಗುವುದಿಲ್ಲ.

ಹೊಡೆಯುವ ಗಂಡಸರನ್ನೇ ಕೂರಿಸಿ ತಿದ್ದುವ ಕೆಲಸ ಹೊಸದಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ 1977ರಲ್ಲಿ, ಡುಲುತ್ ಎಂಬ ಊರಿನಲ್ಲಿ 1981ರಲ್ಲಿ ಅದು ಶುರುವಾಯಿತು. ಡುಲುತ್ ಪದ್ಧತಿಯಲ್ಲಿ ಹತ್ತಾರು ಗಂಡಸರು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ಸೇರುತ್ತಾರೆ. ‘ಜಗಳ ಆತು, ಕೈ ಬಿತ್ತು’ ಎಂದರೆ ಅಲ್ಲಿ ಬಿಡುವುದಿಲ್ಲ. ಯಾರ ಕೈ? ಯಾರ ಮೇಲೆ? ಮೊದಲು ಏನು ಅಂದೆ, ಅವಳಿಂದ ಏನು ಮಾಡಿಸಬೇಕೆಂದಿದ್ದೆ? ‘ನಾನು ಅವಳ ಕೆನ್ನೆಗೆ ಹೊಡೆದೆ, ಅವಳು ತವರಿಗೆ ಹೋಗಬಾರದೆಂದು ಹೊಡೆದೆ’ ಎಂಬ ಮಾತು ಬಾಯಿಗೆ ಬರುವ ತನಕ ಕೇಳುತ್ತಾರೆ. ಹೊಡೆತದ ಪಕ್ಕದಲ್ಲೇ ಬೆದರಿಕೆ, ದುಡ್ಡು ಬಿಗಿಹಿಡಿಯುವುದು, ಮಕ್ಕಳನ್ನು ಮುಂದಿಟ್ಟು ಹೆದರಿಸುವುದನ್ನೂ ಇಟ್ಟು ತೋರಿಸುತ್ತಾರೆ. ಹಾಗಂತ ಅಲ್ಲಿ ಕೂತವರೆಲ್ಲ ಬದಲಾಗುತ್ತಾರೆ ಅನ್ನಲಾರೆ. ಎಲ್ಲ ಕಡೆಯೂ ಒಂದೇ ಫಲ ಸಿಕ್ಕಿಲ್ಲ.

ನಮ್ಮ ಕಡೆಯೂ ಗಂಡಸರು ಕೂತಿದ್ದಾರೆ. ‘ಹೆಂಡತಿಯನ್ನು ಹೊಡೆಯುವುದು ತಪ್ಪು ಅನ್ನುವ ಗಂಡಸರು ಬೇಕು’ ಎಂಬ ಅರ್ಥದ ಜಾಹೀರಾತು 1991ರಲ್ಲಿ ಮುಂಬೈಯ ಪತ್ರಿಕೆಯಲ್ಲಿ ಬಂದಾಗ 205 ಮಂದಿ ಓಗೊಟ್ಟರು. ಅದರಿಂದಲೇ 1993ರಲ್ಲಿ ‘ಮಾವಾ’ ಎಂಬ ಸಂಸ್ಥೆ ಹುಟ್ಟಿತು. ಪಕ್ಕದ ಬಾಗಲಕೋಟೆಯ 47 ಹಳ್ಳಿಗಳಲ್ಲಿ ಕರ್ನಾಟಕ ಆರೋಗ್ಯ ಸಂವರ್ಧನ ಪ್ರತಿಷ್ಠಾನದವರು ‘ಸಂವೇದನಾ ಪ್ಲಸ್’ ಎಂಬ ಪ್ರಯೋಗ ಕೈಗೊಂಡಿದ್ದರು. ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ಜೊತೆಗೆ ಅವರ ಸಂಗಾತಿ ಗಂಡಸರ ಹತ್ತಿರವೂ ಹೋದರು. ಊರು ಯಾರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲವೋ ಅವರ ಮೈಮೇಲಿನ ಬಾಸುಂಡೆಯೂ ಹಿಂಸೆಯೇ ಎಂದು ಒಪ್ಪಿಕೊಂಡು ಹೊರಟ ಕೆಲಸ ಅದು.

ನೀನು ಬದಲಾದೆ ಅಂತ ನೀನೇ ಹೇಳಿಕೊಳ್ಳಬೇಡ. ನಿನ್ನ ಅವ್ವ ಹೇಳಿದರೂ ಲೆಕ್ಕಕ್ಕಿಲ್ಲ. ಹೇಳಬೇಕಾದವಳು ನಿನ್ನ ಹೆಂಡತಿ, ಅದೂ ನೀನಿಲ್ಲದಾಗ. ಹೊಡೆಯುವುದು ಬಿಟ್ಟು ಮೊಬೈಲ್ ಕಸಿದರೆ, ರೊಟ್ಟಿ ತಾಟು ಸರಿಸಿ ಮೂರು ದಿನ ಮಾತು ಬಿಟ್ಟರೆ, ಅವಳ ಕೂಲಿ ದುಡ್ಡು ನಿನ್ನ ಕಿಸೆಗೇ ಬಂದರೆ, ಹೊಡೆತ ವೇಷ ಬದಲಿಸಿದೆ ಅಷ್ಟೆ. ಅವಳು ತವರಲ್ಲೇ ಇರುತ್ತೇನೆ ಅಂದರೂ ನೀನು ತಿದ್ದಿಕೊಳ್ಳುವುದನ್ನು ಬಿಡುವಂತಿಲ್ಲ. ನೀನು ಸುಧಾರಿಸಿದ್ದಕ್ಕೆ ಅವಳು ಮರಳಿ ಬರಬೇಕೆಂಬ ಸಾಲ ಅವಳ ಮೇಲಿಲ್ಲ.

ಅವಳ ಮೊಬೈಲ್‌ನಲ್ಲಿ 181 ಸಹಾಯವಾಣಿ ಇರಲಿ, ಅಳಿಸಬೇಡ. ಕೋರ್ಟಿನ ರಕ್ಷಣಾದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಎನ್ನುವುದೂ ಗೊತ್ತಿರಲಿ. ಸಿಟ್ಟು, ಸೆರೆ ಹಿಡಿತಕ್ಕೆ ಸಿಗುತ್ತಿಲ್ಲವೆಂದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಂಡಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕಿನ ಸಂರಕ್ಷಣಾಧಿಕಾರಿ. ಯಾರೂ ಕರೆಯದಿದ್ದರೂ ಹೋಗಿ ‘ನನಗ ಸಮಾಲೋಚನೆ ಬೇಕ್ರಿ’ ಅನ್ನು. ಒಬ್ಬನೇ ಹೋಗಲು ನಾಚಿಕೆಯಾದರೆ ಸೋಮವಾರ ನಾನೂ ಬರುತ್ತೇನೆ. ಹೊರಗೆ ಕೂತಿರುತ್ತೇನೆ, ಒಳಗೆ ನಿನ್ನ ಪರವಾಗಿ ಒಂದು ಮಾತೂ ಆಡುವುದಿಲ್ಲ.