ನಂಬರ್ ಒನ್ ಗ್ಯಾರಂಟಿಗೆ ಮುಂಗಡ ಕೊಡಬೇಡಿ

ಇಳಕಲ್ ಸೀರೆ ವ್ಯಾಪಾರ ಆನ್‌ಲೈನ್‌ನಲ್ಲೂ ಬೆಳೆಯಲಿ ಎಂಬ ನಿಮ್ಮ ಆಸೆ ನ್ಯಾಯವಾದದ್ದೇ, ಮೇಡಂ. ಆದರೆ ಮೂರೇ ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆಂದು ಏಜೆನ್ಸಿಯವರು ಬರೆದುಕೊಟ್ಟರೂ ನಂಬಬೇಡಿ. ಅಂಥ ಖಾತರಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳಿದೆ. ಜಾಲತಾಣ ಸುಧಾರಿಸಿದ ಮೇಲೆ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ.

ಅವರ ಕೊಟೇಶನ್‌ನಲ್ಲಿ ‘ತಿಂಗಳಿಗೆ 500 ಬ್ಯಾಕ್‌ಲಿಂಕ್’ ಎಂದಿದೆಯಲ್ಲ, ನನಗೆ ದಿಗಿಲಾದದ್ದು ಆ ಸಾಲು ನೋಡಿಯೇ. ರ‍್ಯಾಂಕ್ ಏರಿಸಲೆಂದು ದುಡ್ಡು ಕೊಟ್ಟು ಬೇರೆ ಜಾಲತಾಣಗಳಲ್ಲಿ ಲಿಂಕ್ ಹಾಕಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯ ಇಂಥ ಲಿಂಕ್‌ಗಳು ಬಯಲಾದವು. ಕಂಪನಿ ತನ್ನ ಏಜೆನ್ಸಿಯನ್ನು ಕೈಬಿಟ್ಟಿತು, ನಿಜ. ಆದರೆ ಹುಡುಕಾಟದ ಫಲಿತಾಂಶದಲ್ಲಿ ಪಾತಾಳಕ್ಕಿಳಿದದ್ದು ಮಳಿಗೆಯ ಹೆಸರೇ.

ಯಾವುದೇ ಏಜೆನ್ಸಿಯನ್ನು ಒಪ್ಪುವ ಮೊದಲು ಅವರ ಹಳೆಯ ಗಿರಾಕಿಗಳ ಫೋನ್ ನಂಬರ್ ಕೇಳಿ, ನೀವೇ ಮಾತಾಡಿ. ಡೊಮೇನ್, ಗೂಗಲ್‌ನ ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರೂ ನಿಮ್ಮ ಇಮೇಲ್‌ನಲ್ಲೇ ಇರಲಿ. ಏಜೆನ್ಸಿಗೆ ಬಳಸುವ ಅನುಮತಿ ಕೊಟ್ಟರೆ ಸಾಕು. ಯಾವ ಪುಟದಲ್ಲಿ ಏನು ಬದಲಾಯಿಸಿದರು, ಏಕೆ ಎಂಬ ವರದಿ ತಿಂಗಳಿಗೊಮ್ಮೆ ಕೈಗೆ ಬರಬೇಕು. ಕೆಲಸ ಬಲ್ಲವರು ಬೆಲೆ ಹೇಳುವ ಮೊದಲು ನಿಮ್ಮನ್ನೇ ಪ್ರಶ್ನೆ ಕೇಳುತ್ತಾರೆ: ಕಸೂತಿ ಸೀರೆಗೆ ಬೇಡಿಕೆ ಹೆಚ್ಚೋ, ದಿನಬಳಕೆಯ ಸೀರೆಗೋ? ಗಿರಾಕಿಗಳು ಯಾವ ಊರಿನವರು? ಇದನ್ನೆಲ್ಲ ಕೇಳದೆ ಪ್ಯಾಕೇಜ್ ಪಟ್ಟಿ ಮುಂದಿಡುವವರ ಒಪ್ಪಂದಕ್ಕೆ ಸಹಿ ಹಾಕಬೇಡಿ.